ಅಮ್ಮನ ಪೆಟ್ಟಿಗೆಗೆ ಯಾರ ದುಡ್ಡು

ನಮ್ಮಲ್ಲಿ ಸಾವಿನ ಮನೆಗೆ ಯಾರು ಏನು ಕೊಟ್ಟರೆಂದು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಚುನಾವಣೆ ಹತ್ತಿರ ಬಂದರೆ ಅಭ್ಯರ್ಥಿಗಳೆಲ್ಲ ಸೂತಕದ ಕರಿಬಟ್ಟೆ ಹೊದ್ದು, ಗುರುತು ಪರಿಚಯವಿಲ್ಲದವರ ಸಾವಿಗೂ ಹಾಜರಾಗಿಬಿಡುತ್ತಾರೆ. ಅವರು ಹೀಗೆ ಚೆಲ್ಲುವ ಹಣ ಎಲ್ಲಿಂದ ಬಂತೆಂದು ಕೆದಕಿ, ನಮ್ಮ ಕುಮಾಸಿ ನಗರದ ರೇಡಿಯೋದಲ್ಲಿ ಬಯಲಿಗೆಳೆಯುವುದು ನನ್ನ ಕೆಲಸ. ಈಸಿಕೊಂಡವರನ್ನೂ ನಾನು ಸುಮ್ಮನೆ ಬಿಟ್ಟವಳಲ್ಲ.

ಹಾಗಾಗಿ ಅಮ್ಮ ತೀರಿಕೊಂಡ ದಿನವೇ ಸೋದರಮಾವ ಬೊಯಾಚಿಗೆ ಹೇಳಿದ್ದೆ, "ಮಾವ, ಪಕ್ಷದವರದ್ದು ಒಂದು ಕಾಸೂ ಬೇಡ."

"ಆಯ್ತಮ್ಮ ಅಫ್ರಿಯೆ, ನೀನು ಹೇಳ್ದಂಗೇ ಆಗ್ಲಿ," ಅಂದಿದ್ದ.

ಶನಿವಾರ ಅಮ್ಮನನ್ನು ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿ ಬಂದು ಶಾಮಿಯಾನದಡಿ ಕೂತೆವು. ಮೈಕ್ ಹಿಡಿದವನು ಕೂಗಿದ, "ಮಾನ್ಯ ಅಚಂಪಾಂಗ್ ಅವರಿಂದ ಶಾಮಿಯಾನ, ಕುರ್ಚಿ, ಊಟದ ಖರ್ಚು!" ಅಚಂಪಾಂಗ್ ನಮ್ಮ ಕ್ಷೇತ್ರದ ಅಭ್ಯರ್ಥಿ. ಮುಂದಿನ ಸಾಲಿನಲ್ಲೇ ವಿನಯದ ಮುದ್ದೆಯಾಗಿ ಕೂತಿದ್ದ. ಜನ ಚಪ್ಪಾಳೆ ತಟ್ಟಿ ನನ್ನತ್ತ ತಿರುಗಿ ನೋಡಿದರು. ನಾನು ಪಕ್ಕದಲ್ಲಿದ್ದ ಮಾವನ ಕಡೆ ವಾಲಿದೆ.

"ಏನ್ ಮಾವ ಇದು? ಈಗ್ಲೇ ಎಲ್ಲಾ ವಾಪಸ್ ಕೊಡಿ!"

"ನಿನ್ನ ಸಂಬಳದಲ್ಲಿ ನಾಲ್ಕು ಕುರ್ಚಿ ಬರ್ತಿತ್ತು ಅಷ್ಟೆ," ಎಂದ ಮಾವ. ಆಮೇಲೆ ದನಿ ತಗ್ಗಿಸಿದ. "ಕುರ್ಚಿ ವಾಪಸ್ ಕೊಡ್ಬಹುದು ತಾಯಿ. ಪೆಟ್ಟಿಗೆ? ಅದೂ ಅವನದ್ದೇ. ನಿನಗೆ ಹೆದರಿ ಅದನ್ನ ಮೈಕಲ್ಲಿ ಹೇಳಿಸ್ಲಿಲ್ಲ."

ಬೆಳಿಗ್ಗೆ ಆ ಪೆಟ್ಟಿಗೆಯನ್ನೇ ತಬ್ಬಿಕೊಂಡು ಅತ್ತಿದ್ದೆ. ಎಷ್ಟು ಚೆಂದದ ಮರ ಎಂದು ಒಳಗೊಳಗೇ ಹೆಮ್ಮೆಯನ್ನೂ ಪಟ್ಟಿದ್ದೆ. ಈಗ ಅಮ್ಮ ಅದರೊಳಗೆ, ಮಣ್ಣಿನಡಿ. ಬಾಯಿ ಮುಚ್ಚಿಕೊಂಡು ಕೂತರೆ, ಊರವರಿಗೆ ಇಷ್ಟು ವರ್ಷ ಹೇಳಿದ್ದೆಲ್ಲ ಬರೀ ಜಂಬವಾಗುತ್ತಿತ್ತು. ಎದ್ದು ಹೋಗಿ ಮೈಕ್ ಕಿತ್ತುಕೊಂಡೆ.

"ಒಂದು ಹೇಳೋದು ಬಿಟ್ಟಿದ್ದಾರೆ. ನಮ್ಮಮ್ಮನ ಪೆಟ್ಟಿಗೆ ಕೊಡಿಸಿದ್ದೂ ಅಚಂಪಾಂಗ್ ಅವರೇ! ಈ ದುಡ್ಡು ಇವರಿಗೆ ಯಾರು ಕೊಟ್ರು? ನಾಳೆ ಗೆದ್ದರೆ ಅದನ್ನ ಹೇಗೆ ತೀರಿಸ್ತಾರೆ? ಕೇಳಿ ಇವರನ್ನ!"



"ಅಯ್ಯೋ, ಪೆಟ್ಟಿಗೇನೂ ಕೊಡಿಸಿದ್ನಾ!" ಹಿಂದಿನಿಂದ ಒಬ್ಬ ಅಜ್ಜಿ ಕೂಗಿದಳು. "ಕೊಟ್ಟೂ ಹೇಳ್ಕೊಳ್ದೆ ಕೂತಿದ್ದಾನಲ್ಲೇ, ಹೊಟ್ಟೇಲಿ ಹುಟ್ಟಿದ ಮಗನೂ ಹಿಂಗೆ ಮಾಡಲ್ಲ!"

ಹೆಂಗಸರು ಎದ್ದು, ಅವನನ್ನು ಮೆಚ್ಚಿ ಬಿಳಿ ಕರವಸ್ತ್ರ ಬೀಸಿದರು. ಡೋಲು ಶುರುವಾಯಿತು. ಶಾಮಿಯಾನ ಹಾರಿಹೋಗುವ ಹಾಗೆ ಚಪ್ಪಾಳೆ. ನನ್ನ ಪ್ರಶ್ನೆ ಯಾರ ಕಿವಿಗೂ ಬಿದ್ದಿರಲಿಲ್ಲ.

ಅಚಂಪಾಂಗ್ ಎದ್ದು ಬಂದ. ಎಲ್ಲರೆದುರು ನನ್ನನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳಿದ, "ಉಪಕಾರ ಆಯ್ತು ತಂಗಿ. ನಾನೇ ಹೇಳ್ಕೊಂಡಿದ್ರೆ ಇಷ್ಟು ಚೆನ್ನಾಗಿ ಇರ್ತಿರ್ಲಿಲ್ಲ."