ಅಳಿಯ ಮಾಡಿಕೊಟ್ಟ ಕನ್ನಡಕ

ಬೇಕರಿ ಯಜಮಾನರು ತಾವು ಗುಂಡು ಹೊಡೆದ ಗುರಿಯ ಕಾರ್ಡನ್ನು ಚೌಕಟ್ಟಿನಿಂದ ಬಿಡಿಸಿಕೊಂಡು ನೋಡಿದರು. ಐದು ತೂತುಗಳೂ ಮಾತು ಬಿಟ್ಟ ನೆಂಟರ ಹಾಗೆ ಐದು ಕಡೆ ಕೂತಿದ್ದವು. ಹೋದ ವರ್ಷ ಇದೇ ಮೈದಾನದಲ್ಲಿ ಅವರು ಹೊಡೆದ ಐದು ತೂತುಗಳನ್ನು ಕೋಟಿನ ಒಂದು ಗುಂಡಿಯಿಂದ ಮುಚ್ಚಬಹುದಿತ್ತು. "ಈ ತೋಟಾನೇ ಸರಿ ಇಲ್ಲ" ಎಂದು ಪಕ್ಕದವರಿಗೆ ಕೇಳಿಸುವಷ್ಟು ಜೋರಾಗಿ ಗೊಣಗಿ, ಕಾರ್ಡನ್ನು ಮಡಚಿ ಜೇಬಿಗೆ ತುರುಕಿಕೊಂಡರು.

ತೋಟಾದ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲವೆಂದು ಅವರಿಗೇ ಗೊತ್ತಿತ್ತು. ಒಂದೊಂದು ನಳಿಗೆಗೆ ಒಂದೊಂದು ತಯಾರಿಕೆಯ ತೋಟಾ ಒಗ್ಗುತ್ತದೆ ಎಂಬುದು ನಿಜವೇ. ಅದಕ್ಕಾಗಿ ಬೇರೆ ಬೇರೆ ಬಗೆಯವನ್ನು ತರಿಸಿ ನೋಡಿಯೂ ಆಗಿತ್ತು. ಆದರೆ ರೈಫಲ್ ಕ್ಲಬ್ಬಿನ ಕಾರ್ಯದರ್ಶಿ ಯಜಮಾನರ ರೈಫಲ್ಲನ್ನೇ ಮರಳಿನ ಚೀಲದ ಮೇಲಿಟ್ಟು, ಅವರ ಮಾಮೂಲಿ ಅಗ್ಗದ ತೋಟಾಗಳನ್ನೇ ಹಾರಿಸಿದಾಗ ಗುಂಡುಗಳು ಒಂದರ ಬೆನ್ನಿಗೊಂದು ಒಂದೇ ತೂತಿಗೆ ನುಗ್ಗಿದ್ದವು. ತೋಳಿಗೆ ಬಿಗಿಯುವ ಪಟ್ಟಿ ಬದಲಾಯಿತು, ಮೈ ಅಲುಗದಂತೆ ಹಿಡಿಯುವ ದಪ್ಪ ಕೋಟು ಬಂತು. ಅದನ್ನು ತೊಟ್ಟುಕೊಂಡು ನಿಂತರೆ ಗಂಡ ಯಾವುದೋ ಒಲೆಗೆ ಹೊದಿಸಿದ ಕವಚದ ಹಾಗೆ ಕಾಣುತ್ತಾನೆಂದು ಹೆಂಡತಿ ನಕ್ಕದ್ದು ಬಿಟ್ಟರೆ ಅದರಿಂದ ಬೇರೇನೂ ಆಗಲಿಲ್ಲ.

ಕೈ ನಡುಗುತ್ತಿದೆಯೇ ಎಂದರೆ ಅದೂ ಇಲ್ಲ. ಒಲೆಯಲ್ಲಿ ಬ್ರೆಡ್ಡು ಬೇಯುವಷ್ಟು ಹೊತ್ತು ಅವರು ಮೈದಾ ಮೂಟೆಗಳ ನಡುವೆ ಬೋರಲು ಮಲಗಿ, ಖಾಲಿ ರೈಫಲ್ಲಿನ ನಳಿಗೆಯ ಮೇಲೆ ಒಂದು ಬಿಸ್ಕತ್ತು ಇಟ್ಟು, ಗೋಡೆಯ ಚುಕ್ಕಿಗೆ ಗುರಿಹಿಡಿದು ಟ್ರಿಗರ್ ಒತ್ತುತ್ತಿದ್ದರು. ಬಿಸ್ಕತ್ತು ಕದಲುತ್ತಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ಅದನ್ನು ತಿಂದುಬಿಡುತ್ತಿದ್ದರು.

ಇನ್ನು ಉಳಿದದ್ದು ಕಣ್ಣು. ನಳಿಗೆಯ ತುದಿಯಲ್ಲಿ ಒಂದು ಪುಟ್ಟ ಉಂಗುರವಿದೆ. ಕಾರ್ಡಿನ ಕಪ್ಪು ಚುಕ್ಕಿಯನ್ನು ಅದರ ನಟ್ಟನಡುವೆ ಕೂರಿಸಿ ಗುಂಡು ಹಾರಿಸಬೇಕು. ಆ ಉಂಗುರವೇ ಈಗ ಹೊಗೆ ಸುತ್ತಿದ ಹಾಗೆ ಕಾಣುತ್ತಿತ್ತು. ಹಳೆಯ ಕನ್ನಡಕ ಹಿಟ್ಟು ನಾದುವ ಯಂತ್ರದೊಳಗೆ ಬಿದ್ದು ಎರಡು ತುಂಡಾದ ಮೇಲೆ, ಕನ್ನಡಕದ ಅಂಗಡಿ ಇಟ್ಟಿದ್ದ ಅಳಿಯ ತಾನೇ ಕೂತು ಪರೀಕ್ಷೆ ಮಾಡಿ, ಹೊಸದನ್ನು ತಯಾರಿಸಿ ಕೊಟ್ಟಿದ್ದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಾವನಿಗೆ ಅವನು ಕೊಟ್ಟ ಮೊದಲ ಉಡುಗೊರೆ ಅದು. ಹಾಕಿಕೊಂಡರೆ ಬೀದಿಯಾಚೆಯ ಬೋರ್ಡಿನ ಸಣ್ಣ ಅಕ್ಷರವೂ ಫಳಫಳ ಹೊಳೆಯುತ್ತಿತ್ತು. ಇಷ್ಟು ಒಳ್ಳೆಯ ಕನ್ನಡಕದಲ್ಲೂ ಉಂಗುರ ಕಾಣದಿದ್ದರೆ ತನ್ನ ಕಣ್ಣಿನ ಕಥೆ ಮುಗಿಯಿತೆಂದೇ ಅರ್ಥ, ಎಂದು ಯಜಮಾನರು ಒಳಗೊಳಗೇ ಹೆದರಿದ್ದರು. ಭಾನುವಾರ ಕ್ಲಬ್ಬಿನ ತಂಡಕ್ಕೆ ನಾಲ್ವರ ಆಯ್ಕೆ. ಅದರಲ್ಲಿ ಹೆಸರು ಬರದಿದ್ದರೆ ರೈಫಲ್ಲನ್ನು ಮಾರಿಬಿಡುವುದೆಂದು ತೀರ್ಮಾನಿಸಿದ್ದರು. ಈ ಮಾತು ಹೆಂಡತಿಗೂ ಗೊತ್ತಿರಲಿಲ್ಲ.

ಶುಕ್ರವಾರ ಕನ್ನಡಕದ ಅಂಗಡಿಗೆ ರಜೆ ಇದ್ದದ್ದರಿಂದ ಅಳಿಯನೇ ಮೈದಾನಕ್ಕೆ ಬಂದ. ತಾನು ಮಾಡಿದ ಕನ್ನಡಕ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವ ಆಸೆ ಅವನಿಗೆ. ಯಜಮಾನರಿಗೆ ನುಂಗಲೂ ಆಗದ ಉಗುಳಲೂ ಆಗದ ಸ್ಥಿತಿ. ಕನ್ನಡಕ ಬಹಳ ಚೆನ್ನಾಗಿದೆ, ಕಾರ್ಡಿನ ಚುಕ್ಕಿ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ ಎಂದು ಹೊಗಳಿದರು. ಅಳಿಯ ಖುಷಿಯಿಂದ ಚಾಪೆಯ ಮೇಲೆ ಮಲಗಿ, ಖಾಲಿ ರೈಫಲ್ಲಿನಲ್ಲಿ ಕಣ್ಣಿಟ್ಟು ನೋಡಿದ.

"ಮಾವ, ನೀವು ನೋಡೋದು ಯಾವುದನ್ನ? ಆ ಚುಕ್ಕೀನೋ, ಈ ಉಂಗುರಾನೋ?"

"ಉಂಗುರ. ಅದು ಚೆನ್ನಾಗಿ ಕಾಣ್ಬೇಕು. ಚುಕ್ಕಿ ಮಸುಕಾಗಿದ್ರೂ ನಡೆಯುತ್ತೆ." ಕ್ಲಬ್ಬಿಗೆ ಬಂದ ಪ್ರತಿ ಹೊಸಬರಿಗೂ ಅವರು ಹೇಳಿಕೊಂಡು ಬಂದ ಪಾಠ ಇದು.

"ಈಗ ಉಂಗುರ ಕಾಣುತ್ತಾ?"

ಯಜಮಾನರು ಪಟ್ಟಿಯ ಬಕಲನ್ನು ಬಿಚ್ಚಿದರು, ಮತ್ತೆ ಹಾಕಿದರು. "ಚುಕ್ಕಿ ಮಾತ್ರ ಬಹಳ ಚೆನ್ನಾಗಿ ಕಾಣುತ್ತೆ ಅಳಿಯಂದಿರೇ" ಎಂದರು.

ಅಳಿಯ ಎದ್ದು ಕೂತ. ಅವನ ಅಂಗಿಗೆಲ್ಲ ಚಾಪೆಯ ನಾರು ಅಂಟಿತ್ತು. "ತಪ್ಪು ನಂದು ಮಾವ. ಗುರಿ ಎಷ್ಟು ದೂರ ಇರುತ್ತೆ ಅಂತ ಕೇಳ್ದೆ. ನೀವು ಎಲ್ಲಿ ನೋಡ್ತೀರ ಅಂತ ಕೇಳ್ಲಿಲ್ಲ. ನಿಮ್ಮ ಕಣ್ಣಿಗೇನೂ ಆಗಿಲ್ಲ."

ಕೊನೆಯ ಮಾತು ಕಿವಿಗೆ ಬಿದ್ದದ್ದೇ ಯಜಮಾನರಿಗೆ ಎದೆಯ ಮೇಲಿನ ಮೈದಾ ಮೂಟೆ ಇಳಿಸಿದಂತಾಯಿತು. ಹಳೆಯ ಕನ್ನಡಕದ ನಂಬರು ಕಡಿಮೆಯಾಗಿದ್ದದ್ದೇ ಇಷ್ಟು ದಿನ ಅವರ ಪುಣ್ಯವಾಗಿತ್ತು, ದೂರದ್ದು ಮಸುಕಾಗಿ ಹತ್ತಿರದ ಉಂಗುರ ಚೆನ್ನಾಗಿ ಕಾಣುತ್ತಿತ್ತು, ಎಂದು ಅಳಿಯ ಬಿಡಿಸಿ ಹೇಳಿದ. ಮೂಗಿನಿಂದ ಉಂಗುರದವರೆಗೆ ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋಗಿ, ಮರುದಿನ ಸಂಜೆ ಬೇಕರಿಗೇ ಬಂದು ಇನ್ನೊಂದು ಕನ್ನಡಕ ಕೊಟ್ಟ. ಅದನ್ನು ಹಾಕಿಕೊಂಡು ಬೀದಿಯಲ್ಲಿ ಮಾತ್ರ ನಡೆಯಬೇಡಿ ಎಂದು ಎಚ್ಚರಿಸಿದ.

ಭಾನುವಾರ ಯಜಮಾನರು ಚಾಪೆಯ ಮೇಲೆ ಮಲಗಿ ಕಣ್ಣಿಟ್ಟರು. ಉಂಗುರ ಈಗ ತಾನೇ ಶಾಯಿಯಲ್ಲಿ ಬರೆದಂತೆ ಕಪ್ಪಗಿತ್ತು. ಅದರೊಳಗೆ ಚುಕ್ಕಿ ಮಂಜಿನಲ್ಲಿ ನಿಂತ ಹಾಗಿತ್ತು. ಅದನ್ನು ಇನ್ನೂ ಸ್ಪಷ್ಟವಾಗಿ ನೋಡಬೇಕೆಂಬ ಚಪಲ ಎದ್ದಿತು. ಬೇಡ, ಅದು ಅಲ್ಲೇ ಇರುತ್ತದೆ, ಎಂದು ತಮಗೆ ತಾವೇ ಹೇಳಿಕೊಂಡು, ಉಸಿರನ್ನು ಅರ್ಧ ಬಿಟ್ಟು, ಉಂಗುರವನ್ನೇ ನೋಡುತ್ತ ಬೆರಳು ಒತ್ತಿದರು. ಸರದಿ ಮುಗಿಯುವವರೆಗೂ ಅವರು ಬೇರೇನನ್ನೂ ನೋಡಲಿಲ್ಲ.

ಕಾರ್ಯದರ್ಶಿ ಹೆಸರು ಓದಿದರು. ಬೇಕರಿ ಯಜಮಾನರದು ನಾಲ್ಕನೆಯದು. ಅವರಿಗೆ ಕುಣಿಯುವಷ್ಟು ಸಂತೋಷವಾಯಿತು, ಆ ಕೋಟಿನಲ್ಲಿ ಕುಣಿಯಲು ಆಗುತ್ತಿರಲಿಲ್ಲ ಅಷ್ಟೆ. ಎಲ್ಲರೂ ಹೊರಟ ಮೇಲೆ ಕಾರ್ಯದರ್ಶಿಯ ಒಪ್ಪಿಗೆ ಪಡೆದು ಹೊಸ ಕಾರ್ಡು ಹಾಕಿಸಿ, ಅಳಿಯನನ್ನು ಚಾಪೆಯ ಮೇಲೆ ಮಲಗಿಸಿದರು. ಮೊಣಕೈಯನ್ನು ತಮ್ಮ ಕೈಯಿಂದಲೇ ಒಳಕ್ಕೆ ಸರಿಸಿದರು, ಭುಜ ಒತ್ತಿದರು, ಒಂದೇ ಒಂದು ತೋಟಾ ಕೊಟ್ಟರು. ಗುಂಡು ಹಾರಿತು. ರೈಫಲ್ಲಿನಿಂದ ಕೈ ತೆಗೆದು ಅಳಿಯ ತಲೆಯೆತ್ತಿ, ಬಿತ್ತಾ ಮಾವ, ಎಂದು ಕೇಳಿದ.

ಯಜಮಾನರು ಹೊಸ ಕನ್ನಡಕದೊಳಗಿಂದ ಮೈದಾನದ ಕೊನೆಯತ್ತ ಕಣ್ಣು ಕಿರಿದು ಮಾಡಿ ನೋಡಿದರು.

"ಇದ್ರಲ್ಲಿ ನಂಗೆ ಕಾರ್ಡೇ ಕಾಣಲ್ಲ ಕಣೋ. ಏಳು, ಹೋಗಿ ನೋಡೋಣ."

ರೈಫಲ್ ಖಾಲಿ ಮಾಡಿ ಚಾಪೆಯ ಮೇಲಿಟ್ಟರು. ಮುಂದೆ ಹುಲ್ಲು ಉಬ್ಬುತಗ್ಗಾಗಿತ್ತು. ಮಾವ ಅಳಿಯನ ತೋಳು ಹಿಡಿದುಕೊಂಡರು. ಇಬ್ಬರೂ ಆತುರವಿಲ್ಲದೆ ಆ ಬಿಳಿ ಕಾಗದದ ಕಡೆಗೆ ನಡೆದರು.