ಮೈಯ ಝಳ

ಲಾಲಪ್ಪ ಶಹಾಬಾದಿನ ಫರಸಿ ಕಲ್ಲಿನ ಖಣಿಯಲ್ಲಿ ಮೂವತ್ತು ವರ್ಷ ದುಡಿದವನು. ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಇಳಿದಿದೆ ಎಂದಾಗಲೂ ಅವನು ಅಂಜಲಿಲ್ಲ. ಗಂಡಸಿನ ಹಾರ್ಮೋನೇ ಆ ಗಡ್ಡೆಯ ಕೂಳು, ಮೂರು ತಿಂಗಳಿಗೊಂದು ಸೂಜಿ ಹಾಕಿ ಅದನ್ನು ನಿಲ್ಲಿಸಬೇಕು, ತಪ್ಪಿಸಿದರೆ ನೋವು ಹಾಸಿಗೆ ಹಿಡಿಸುತ್ತದೆ ಎಂದು ಕಲಬುರಗಿಯ ಡಾಕ್ಟರು ಬಿಡಿಸಿ ಹೇಳಿದ್ದರು. ಮುಟ್ಟು ನಿಲ್ಲುವ ಹೆಂಗಸರಿಗೆ ಆಗುವಂತೆ ಮೈ ಝಳ ಹೊಡೆಯಬಹುದು ಎಂದೂ ಹೇಳಿದ್ದರು.

ಈ ಮಾತನ್ನು ಲಾಲಪ್ಪ ನಂಬಿಕೆಯಿಂದ ಗೆಳೆಯ ದೇವಿಂದ್ರನಿಗೆ ಹೇಳಿಕೊಂಡ. ಮೊದಲ ಸೂಜಿ ಹಾಕಿಸಿಕೊಂಡ ಮುಂದಿನ ತಿಂಗಳು ಬುದ್ಧವಿಹಾರದಲ್ಲಿ ವಂದನೆ ಹೇಳುತ್ತಿರುವಾಗಲೇ ಲಾಲಪ್ಪನ ಕುತ್ತಿಗೆಯಿಂದ ಬೆವರು ಇಳಿಯಿತು. ಹೊರಗೆ ಬಂದು ನಲ್ಲಿಗೆ ತಲೆ ಒಡ್ಡಿದ. ಕಟ್ಟೆಯ ಮೇಲಿದ್ದ ನಾಲ್ಕು ಮಂದಿಯ ಎದುರು ದೇವಿಂದ್ರ ಕೇಳಿದ:

"ಯಾಕ್ ಲಾಲಪ್ಪಣ್ಣ, ನಿಂದೂ ಮುಟ್ಟು ನಿಂತದೇನು?"

ಅಂದಿನಿಂದ ಲಾಲಪ್ಪ ವಿಹಾರಕ್ಕೆ ಹೋಗಲಿಲ್ಲ. ಎರಡನೆಯ ಸೂಜಿಯ ದಿನ ಬಂದಾಗ ಅಂಗಿಯನ್ನೇ ತೊಡಲಿಲ್ಲ. ಹೆಂಡತಿ ಅನಸುಬಾಯಿ ಬಸ್ಸಿನ ಹೊತ್ತಾಯಿತೆಂದು ಎರಡು ಸಲ ಹೇಳಿದಳು.

"ನಾ ಬರಂಗಿಲ್ಲ. ಮೈಯಾಗ ಒಲಿ ಹಚ್ಚಿದಂಗ ಆಗಲಿಕತ್ತದ. ಇದು ಮನುಷ್ಯಾರು ತಡಕೊಳ್ಳೋದಲ್ಲ."

"ನಾ ಆರು ವರ್ಷ ತಡಕೊಂಡೀನಿ."

ಅವನು ತಲೆ ಎತ್ತಿ ನೋಡಿದ. "ನನಗ್ಯಾಕ ಹೇಳಲಿಲ್ಲ?"

"ಹೇಳಿದ್ದೆ. ಚಿತ್ತಾಪುರದ ಡಾಕ್ಟರಮ್ಮ ಇದೇ ಝಳಕ್ಕ ಹಾರ್ಮೋನಿನ ಗುಳಗಿ ಬರದುಕೊಟ್ಟಿದ್ರು. ನೀವು ಔಷಧ ಅಂಗಡ್ಯಾಗ ಚೀಟಿ ಹರದ್ರಿ. ಈ ವಯಸ್ಸಿನಾಗ ಇಕಿಗಿ ಹರೇ ಬೇಕಾಗ್ಯದ ಅಂದ್ರಿ. ಮಂದಿ ನಕ್ಕರು."

ದನಿ ಏರಿಸಲಿಲ್ಲ ಅವಳು. ಗೂಟದ ಮೇಲಿನ ಅಂಗಿ ತೆಗೆದು ಅವನ ತೊಡೆಯ ಮೇಲಿಟ್ಟಳು. ಲಾಲಪ್ಪ ತೊಟ್ಟುಕೊಂಡ. ಇಬ್ಬರೂ ಕಲಬುರಗಿಯ ಬಸ್ಸು ಹತ್ತಿದರು.

ಸೂಜಿ ಹಾಕಿಸಿಕೊಂಡದ್ದಾಯಿತು. ಡಾಕ್ಟರು ಕಾಗದ ನೋಡುತ್ತ, ಗಡ್ಡೆ ಹಿಡಿತದಲ್ಲಿದೆ, ಬೇರೆ ಏನಾದರೂ ತ್ರಾಸು ಇದ್ದರೆ ಹೇಳಿ, ಝಳಕ್ಕೂ ಮದ್ದು ಇದೆ ಎಂದರು. ಬಾಗಿಲಲ್ಲಿ ಇನ್ನಿಬ್ಬರು ಗಂಡಸರು ತಮ್ಮ ಪಾಳಿಗೆ ನಿಂತಿದ್ದರು. ಲಾಲಪ್ಪ ಹೆಂಡತಿಯ ಮುಖ ನೋಡಿದ; ನೀನೇ ಹೇಳು ಎಂಬಂತೆ.

ಅನಸುಬಾಯಿ ಎದ್ದಳು. "ತ್ರಾಸು ಅವರದ್ರಿ, ಅವರೇ ಹೇಳ್ತಾರ."

ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು. ಬಾಗಿಲ ಪರದೆಯಾಚೆ ಡಾಕ್ಟರು ಇನ್ನೊಮ್ಮೆ ಕೇಳಿದ್ದು ಕೇಳಿಸಿತು.

"ಏನಿಲ್ರಿ ಸಾಹೇಬ್ರ. ಭಾಳ ಆರಾಮ ಅದ."

ಒಳಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಅವಳು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಕುಳಿತೇ ಇದ್ದಳು.