ಮೂರನೇ ಒಂದು ಪಾಲು ಐರ್ಲೆಂಡ್

ಭಾನುವಾರದ ಮಧ್ಯಾಹ್ನ ಫುರ್ತಾದು ಮನೆಯವರೆಲ್ಲ ಕೆಳಮನೆಯಲ್ಲಿ ಒಟ್ಟಿಗೆ ಊಟ ಮಾಡುವುದು ವಾಡಿಕೆ. ಅಮೆರಿಕದ ಫಾಲ್ ರಿವರ್ ಊರಿನ ಆ ಮೂರಂತಸ್ತಿನ ಮರದ ಮನೆಯಲ್ಲಿ ಕೆಳಗೆ ಅಪ್ಪ ಉರ್ಬಾನು, ಅಮ್ಮ ದಿಯೊಲಿಂದಾ. ನಡುವೆ ಮಗ ದಿನಿಸ್. ಎಲ್ಲಕ್ಕಿಂತ ಮೇಲೆ ಮಗಳು ಗ್ಲೋರಿಯಾ. ಗಂಡನಿಂದ ಬೇರೆಯಾದ ಮೇಲೆ ಅವಳು ಅಲ್ಲೇ ಬಂದು ನೆಲೆಸಿದ್ದಳು. ಎರಡು ಬೀದಿ ಆಚೆ ಅವಳದೊಂದು ಕೂದಲು ಕತ್ತರಿಸುವ ಅಂಗಡಿ.

ಒಂದು ಭಾನುವಾರ ಕೇಲ್ ಸೊಪ್ಪಿನ ಸೂಪು ಇನ್ನೂ ಹಬೆಯಾಡುತ್ತಿದ್ದಾಗ ಗ್ಲೋರಿಯಾಳ ಫೋನಿಗೆ ಸಂದೇಶವೊಂದು ಬಂತು. ಎತ್ತಿಕೊಂಡವನು ದಿನಿಸ್. ಹಿಂದೊಮ್ಮೆ ಅವಳು ಕೊಳವೆಗೆ ಉಗುಳಿ ಕಳಿಸಿದ್ದ, ಯಾರ ರಕ್ತ ಯಾವ ದೇಶದ್ದೆಂದು ಹೇಳುವ ಡಿಎನ್‌ಎ ಕಂಪನಿಯವರು ಎಲ್ಲರ ಲೆಕ್ಕವನ್ನೂ ಹೊಸದಾಗಿ ಹಾಕಿದ್ದೇವೆ ಎಂದು ತಿಳಿಸಿದ್ದರು. ಮೊದಲ ಸಲ ಬಂದ ಉತ್ತರದಲ್ಲಿ ಅವಳು ಹೆಚ್ಚುಕಡಿಮೆ ಪೂರ್ತಿ ಪೋರ್ಚುಗೀಸಳು. ಉರ್ಬಾನು ಅದನ್ನು ತನ್ನ ದ್ವೀಪದಿಂದ ಬಂದವರ ಕ್ಲಬ್ಬಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದ. ಪೋರ್ಚುಗಲ್ಲಿಗೆ ಸೇರಿದ ಸಾಂ ಮಿಗೆಲ್ ದ್ವೀಪದ ತನ್ನ ಹಳ್ಳಿಯೇ ಆ ಫೋನಿನಲ್ಲಿ ಕಂಡಷ್ಟು ಹಿಗ್ಗು ಅವನಿಗೆ.

ದಿನಿಸ್ ಓದುತ್ತ ಓದುತ್ತ ನಗಲು ಶುರುಮಾಡಿದ. ಪೋರ್ಚುಗಲ್ ಅರ್ಧಕ್ಕಿಂತ ಸ್ವಲ್ಪ ಮೇಲೆ. ಮೂರನೇ ಒಂದು ಪಾಲು ಐರ್ಲೆಂಡ್.

ಗ್ಲೋರಿಯಾಳ ಕೂದಲು ಕೆಂಚು. ಶಾಲೆಯಲ್ಲಿ ಅವಳನ್ನು ಐರಿಷ್ ಹುಡುಗಿ ಎಂದೇ ಕರೆಯುತ್ತಿದ್ದರು. ಅವಳು ಹುಟ್ಟುವ ಮೊದಲು ಅಮ್ಮ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಅಲ್ಲಿನ ಮೇಲ್ವಿಚಾರಕ ಡೊಲನ್ ಎಂಬ ಐರಿಷ್ ಮನುಷ್ಯ ಚಳಿಗಾಲದ ಸಂಜೆಗಳಲ್ಲಿ ಅಮ್ಮನನ್ನು ತನ್ನ ಕಾರಿನಲ್ಲಿ ಮನೆಯವರೆಗೆ ಬಿಟ್ಟುಹೋಗುತ್ತಿದ್ದ. ಅದು ಬೀದಿಗೆಲ್ಲ ಗೊತ್ತಿದ್ದ ವಿಷಯ.

"ಅಮ್ಮಾ, ಆ ಡೊಲನ್ ಕಾರಲ್ಲಿ ಹೀಟರು ಚೆನ್ನಾಗಿ ಕೆಲಸ ಮಾಡ್ತಿತ್ತಾ?" ಎಂದ ದಿನಿಸ್.

ತಮಾಷೆ ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಅದು ಏನೆಂದು ಅರ್ಥವಾಯಿತು. ದಿಯೊಲಿಂದಾ ಬ್ರೆಡ್ಡು ಕತ್ತರಿಸುತ್ತಿದ್ದವಳು ಚಾಕು ಕೆಳಗಿಟ್ಟಳು. ಉರ್ಬಾನು ಚಮಚವನ್ನು ಬಟ್ಟಲಿನಲ್ಲೇ ಬಿಟ್ಟು ಎದ್ದ. ಗೂಟದಲ್ಲಿದ್ದ ಕೋಟು ತೆಗೆದುಕೊಂಡು ಹೊರಗೆ ಹೋದ. ಕತ್ತಲಾಗುವವರೆಗೆ ಮನೆಗೆ ಬರಲಿಲ್ಲ.

ಅವನು ಬೈದಿದ್ದರೆ, ಮೇಜು ಕುಟ್ಟಿದ್ದರೆ ಗ್ಲೋರಿಯಾಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆ ವಾರ ಅವನು ಎಂದಿನಂತೆ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತ. ಅವಳು ಬಟ್ಟೆ ಹೊದಿಸಿ ಕತ್ತರಿ ಕೈಗೆತ್ತಿಕೊಂಡಳು. ಕನ್ನಡಿಯಲ್ಲಿ ನೋಡಿದರೆ ಅಪ್ಪನ ಕಣ್ಣು ಅವಳ ಮುಖದ ಮೇಲೇ ಇತ್ತು. ಗಲ್ಲದಿಂದ ಕಿವಿಗೆ, ಕಿವಿಯಿಂದ ಕೂದಲಿಗೆ, ಏನನ್ನೋ ಕಳೆದುಕೊಂಡವನ ಹಾಗೆ ಹುಡುಕುತ್ತಿದ್ದ. ಅವಳು ನೋಡಿದ್ದು ತಿಳಿದ ಕೂಡಲೇ ಕಣ್ಣು ತಗ್ಗಿಸಿದ. ಅವಳ ಕತ್ತರಿ ಜಾರಿತು. ಅವನ ಕೂದಲು ಒಂದು ಪಕ್ಕ ಗಿಡ್ಡವಾಗಿ ಹೋಯಿತು. ಅದನ್ನೂ ಅವನು ಕೇಳಲಿಲ್ಲ. ಥ್ಯಾಂಕ್ಸ್ ಎಂದಷ್ಟೇ ಹೇಳಿ ಎದ್ದುಹೋದ. ಮಗಳಿಗೆ ಅಪ್ಪ ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು. ಅಂಗಡಿಯ ಬಾಗಿಲು ಹಾಕಿಕೊಂಡು ಅವಳು ಅತ್ತಳು.

ಮುಂದಿನ ಭಾನುವಾರ ದಿಯೊಲಿಂದಾ ಸೂಪು ಬಡಿಸಲಿಲ್ಲ. ಗ್ಲೋರಿಯಾಳಿಂದ ಅವಳೇ ತರಿಸಿಟ್ಟುಕೊಂಡಿದ್ದ, ಉಗುಳು ಕಳಿಸುವ ಹೊಸ ಡಬ್ಬಿಯನ್ನು ಗಂಡನ ಬಟ್ಟಲು ಇರಬೇಕಾದ ಜಾಗದಲ್ಲಿ ಇಟ್ಟಳು. ಶೇಕಡಾ ಲೆಕ್ಕ ಏನಾದರೂ ಹೇಳಲಿ, ಅಪ್ಪನೂ ಉಗುಳಿದರೆ ಇಬ್ಬರ ರಕ್ತಸಂಬಂಧ ನೇರವಾಗಿ ತಿಳಿಯುತ್ತದೆ ಎಂದು ಗ್ಲೋರಿಯಾ ಅವಳಿಗೆ ಬಿಡಿಸಿ ಹೇಳಿದ್ದಳು. ಅಪ್ಪನೇ ಯಾಕೆ, ನಾನು ಉಗುಳುತ್ತೇನೆ ಎಂದು ದಿನಿಸ್ ಮುಂದಾದ. ಅಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ.

"ಉಗುಳು," ಎಂದಳು ಗಂಡನಿಗೆ.

"ನನಗೆ ಅದೆಲ್ಲ ಬೇಕಾಗಿಲ್ಲ, ಲಿಂದಾ."

"ನಂಗೆ ಬೇಕು."

"ಬೇಡ ಅಂದ್ನಲ್ಲ. ಇಷ್ಟು ವರ್ಷ ಬೇಕಾಗಿರಲಿಲ್ಲ, ಈಗ್ಯಾಕೆ?"

ದಿಯೊಲಿಂದಾ ತಗ್ಗಿದ ದನಿಯಲ್ಲಿ ಕೇಳಿದಳು: "ಇಷ್ಟು ವರ್ಷ ಅಂದ್ರೆ?"

ಉರ್ಬಾನುವಿನ ಕತ್ತು ಕೆಂಪಗಾಯಿತು. ಗ್ಲೋರಿಯಾಳಿಗೆ ಆಗ ಹೊಳೆಯಿತು: ಈ ಸಂಶಯ ಫೋನಿನಿಂದ ಬಂದದ್ದಲ್ಲ. ತಾನು ತೊಟ್ಟಿಲಲ್ಲಿದ್ದಾಗಿನಿಂದಲೂ ಅದು ಈ ಮನೆಯಲ್ಲೇ ಇತ್ತು. ಅಪ್ಪ ಅದನ್ನು ಒಳಗಿಟ್ಟುಕೊಂಡೇ ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದ, ಚರ್ಚಿನಲ್ಲಿ ಕೈಹಿಡಿದು ಮದುವೆ ಮಾಡಿಕೊಟ್ಟಿದ್ದ.

ಅವನು ಕೊಳವೆ ಎತ್ತಿಕೊಂಡ. ಬಾಯಿ ಒಣಗಿ ಉಗುಳು ಬರಲಿಲ್ಲ. ಹೆಂಡತಿ, ಮಗ, ಮಗಳು ನೋಡುತ್ತಿದ್ದಂತೆ ಆ ಮುದುಕ ತುಂಬ ಹೊತ್ತು ಒದ್ದಾಡಿ ಅದನ್ನು ತುಂಬಿಸಿದ. ಮುಚ್ಚಳ ಹಾಕಿದ್ದು ದಿಯೊಲಿಂದಾ. ಸಂಜೆ ಅವಳು ತನ್ನ ದಿಂಬು, ಹೊದಿಕೆ, ಜಪಮಾಲೆ ತೆಗೆದುಕೊಂಡು ಎರಡು ಮಹಡಿ ಹತ್ತಿ ಮಗಳ ಮನೆಗೆ ಬಂದುಬಿಟ್ಟಳು.

ಉತ್ತರ ಬರುವ ಹೊತ್ತಿಗೆ ಬೀದಿಯ ಹಿಮ ಕರಗಿತ್ತು. ಗ್ಲೋರಿಯಾ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಫೋನು ತೆರೆದಳು. ಉರ್ಬಾನು ಫುರ್ತಾದು: ತಂದೆ. ಅನುಮಾನಕ್ಕೆ ಜಾಗವಿರಲಿಲ್ಲ. ಕೆಳಗೆ ಓಡಲು ಹೊರಟವಳನ್ನು ಅಮ್ಮ ತಡೆದಳು. ಏನು ಬಂದಿದೆ ಎಂದು ಅವಳು ಕೇಳಲೂ ಇಲ್ಲ.

"ಅವನಿಗೆ ಹೇಳ್ಬೇಡ. ಮೊದಲು ಬಂದು ನನ್ನ ಕೇಳ್ಲಿ. ಬಾಯಿಬಿಟ್ಟು ಕೇಳ್ಲಿ."

"ಅಮ್ಮಾ, ಅಪ್ಪ ಸೊರಗಿಹೋಗಿದ್ದಾರೆ."

"ಸೊರಗ್ಲಿ. ನಾನು ಅವನ ಪಕ್ಕ ಇಷ್ಟು ವರ್ಷ ಮಲಗಿದ್ದೀನಿ, ಕೇಳೋಕೆ ಅವನಿಗೆ ಒಂದು ರಾತ್ರೀನೂ ಸಿಗಲಿಲ್ವಾ?"

ಆ ದಿನಗಳು ಗ್ಲೋರಿಯಾಳಿಗೆ ನರಕ. ಕೆಲಸಕ್ಕೆ ಹೋಗುವಾಗ ಕೆಳಮನೆಯ ಬಾಗಿಲು ಸ್ವಲ್ಪ ತೆರೆದೇ ಇರುತ್ತಿತ್ತು. ಒಳಗೆ ಅಪ್ಪ ಬೂಟು ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದ. ಅವಳ ಹೆಜ್ಜೆ ಕೇಳಿ ತಲೆ ಎತ್ತುವನು, ಅವಳು ಏನೂ ಹೇಳದಿದ್ದಾಗ ತಗ್ಗಿಸುವನು. ತಾಯಿಮಗಳ ಮೌನಕ್ಕೆ ಅವನು ಕೊಟ್ಟುಕೊಂಡ ಅರ್ಥ ಏನೆಂದು ಅವಳಿಗೆ ಗೊತ್ತಿತ್ತು. ಹೇಳಿಬಿಡಲೇ ಎಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ಹೇಳಿದರೆ ಅಮ್ಮನನ್ನು ಕಳೆದುಕೊಳ್ಳುತ್ತೇನೆ ಎಂಬ ಭಯ ತಡೆಯಿತು.

ಕೊನೆಗೊಂದು ಬೆಳಗ್ಗೆ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಉರ್ಬಾನುವಿಗೆ ಮಂಡಿನೋವು, ಮೇಲಿನ ಮಹಡಿಗೆ ಅವನು ಹತ್ತಿ ಯಾವ ಕಾಲವಾಗಿತ್ತೋ. ಗ್ಲೋರಿಯಾ ಬಾಗಿಲು ತೆರೆದಾಗ ಅವನು ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ. ಕ್ಷೌರ ಮಾಡಿಕೊಂಡಿದ್ದ, ಭಾನುವಾರದ ಅಂಗಿ ತೊಟ್ಟಿದ್ದ.

"ಲಿಂದಾ," ಎಂದ, ಒಳಗೆ ನಿಂತಿದ್ದ ಹೆಂಡತಿಯನ್ನು ನೋಡುತ್ತ. "ಆ ಫೋನಲ್ಲಿ ಏನಾದ್ರೂ ಬಂದಿರ್ಲಿ. ಇವಳು ನನ್ನ ಮಗಳು. ಸಾಕಿದ್ದು ನಾನು. ಆಗಿದ್ದೆಲ್ಲ ಆಗಿಹೋಯ್ತು. ನಾನು ನಿನ್ನನ್ನ ಕ್ಷಮಿಸಿದ್ದೀನಿ."

ಗ್ಲೋರಿಯಾಳ ಕಣ್ಣು ತುಂಬಿಬಂತು. ಆದರೆ ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಕ್ಷಮಿಸಿದ್ದೀಯಾ," ಎಂದಳು ದಿಯೊಲಿಂದಾ. "ಯಾವುದಕ್ಕೆ?"

ಅವನು ಅಂಗಿಯ ಗುಂಡಿ ತಿರುವತೊಡಗಿದ.

"ಹೇಳು. ನಾನೇನು ಮಾಡಿದ್ದೀನಿ ಅಂತ ಕ್ಷಮಿಸಿದ್ದು? ದೊಡ್ಡ ಮನುಷ್ಯ ಆಗೋಕೆ ಮೆಟ್ಟಿಲು ಹತ್ತಿ ಬಂದ್ಯಾ? ನಂಗೆ ನಿನ್ನ ಕ್ಷಮೆ ಬೇಡ ಉರ್ಬಾನು. ಪ್ರಶ್ನೆ ಬೇಕು."

ಅವನು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಕಡೆಗೆ, ಗಂಟಲಿನಿಂದ ಮುಳ್ಳು ತೆಗೆಯುವವನ ಹಾಗೆ, ಕೇಳಿದ: "ಡೊಲನ್ ಜೊತೆ ನಿನಗೆ ಏನಾದ್ರೂ ಇತ್ತಾ?"

"ಇರಲಿಲ್ಲ. ಕಾಲು ಮರಗಟ್ಟುತ್ತಿತ್ತು, ಬಸ್ಸು ಬರ್ತಿರಲಿಲ್ಲ, ಅವನು ಬಿಟ್ಟುಹೋಗ್ತಿದ್ದ. ಅಷ್ಟೇ."

ಉರ್ಬಾನು ತಲೆಯಾಡಿಸಿದ. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅವನ ಕಣ್ಣು ಮಗಳ ಕೈಯಲ್ಲಿದ್ದ ಫೋನಿನ ಕಡೆ ಹೊರಳಿತು. ದಿಯೊಲಿಂದಾ ಅದನ್ನು ಕಂಡಳು.

"ಕೊಡು ಅವನಿಗೆ," ಎಂದಳು. "ನನ್ನ ಮಾತು ಸಾಲಲಿಲ್ಲ."

ಅವನು ಬೇಡ ಎನ್ನಲಿಲ್ಲ. ಕನ್ನಡಕ ಹಾಕಿಕೊಂಡು ಓದಿದ. ತಂದೆ ಎಂಬ ಆ ಒಂದು ಪದವನ್ನು ತಿರುತಿರುಗಿ ಓದಿದ. ಆಮೇಲೆ ಗ್ಲೋರಿಯಾ ಅವನ ಸ್ವಂತ ಲೆಕ್ಕವನ್ನೂ ತೋರಿಸಿದಳು. ಅದರಲ್ಲಿಯೂ ಐರ್ಲೆಂಡ್ ಇತ್ತು. ಮಗಳಿಗಿಂತ ಹೆಚ್ಚೇ ಇತ್ತು. ಕಂಪನಿಯ ಹೊಸ ಲೆಕ್ಕ ಅವರ ದ್ವೀಪದ ರಕ್ತದಲ್ಲೇ ಎಲ್ಲೋ ಎಡವಿತ್ತು.

"ನೋಡಿದ್ಯಾ," ಎಂದಳು ದಿಯೊಲಿಂದಾ. "ಹಾಗಾದ್ರೆ ನಿಮ್ಮಮ್ಮನೂ ಡೊಲನ್ ಕಾರಲ್ಲಿ ಕೂತಿದ್ದಳೇನೋ, ಕೇಳ್ಕೊಂಡು ಬಾ ಗೋರಿ ಹತ್ರ."

ಉರ್ಬಾನು ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡ. ಅವನ ಹೆಗಲು ಅದುರುತ್ತಿತ್ತು. ದಿಯೊಲಿಂದಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗ್ಲೋರಿಯಾ ಅಪ್ಪನ ಪಕ್ಕ ಕೂತು, ಅವನ ತೋಳು ಹಿಡಿದು, ಅವನಿಗೆ ಸಮಾಧಾನವಾದ ಮೇಲೆ ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದಳು.

ಬೇಸಿಗೆ ಕಳೆದ ಮೇಲೆ ಕಂಪನಿ ಮತ್ತೆ ಲೆಕ್ಕ ಹಾಕಿತು. ಈ ಸಲ ಇಬ್ಬರಿಂದಲೂ ಐರ್ಲೆಂಡ್ ಬಹುಪಾಲು ಮಾಯವಾಗಿತ್ತು. ಗ್ಲೋರಿಯಾ ಅದನ್ನು ಯಾರಿಗೂ ಹೇಳದೆ ತನ್ನ ಹೆಸರನ್ನು ಅಲ್ಲಿಂದ ಅಳಿಸಿಹಾಕಿದಳು.

ಅಷ್ಟರಲ್ಲಿ ಉರ್ಬಾನುವಿಗೆ ಹೊಸ ಅಭ್ಯಾಸವೊಂದು ಬಂದಿತ್ತು. ದಿನವೂ ಬೆಳಗ್ಗೆ ಮಂಡಿ ಹಿಡಿದುಕೊಂಡು ಮೇಲೆ ಹತ್ತಿ ಬಂದು ಬಾಗಿಲಾಚೆಯಿಂದಲೇ ಹೆಂಡತಿಯನ್ನು ಏನಾದರೊಂದು ಕೇಳುತ್ತಿದ್ದ. ನಿದ್ದೆ ಬಂತಾ, ಸಿಟ್ಟು ಇದೆಯಾ, ಇವತ್ತು ಕೆಳಗೆ ಬರುತ್ತೀಯಾ. ನಿದ್ದೆ ಬಂತು, ಸಿಟ್ಟು ಇದೆ, ಬರುವುದಿಲ್ಲ ಎಂದು ಅವಳು ಒಳಗಿನಿಂದಲೇ ಉತ್ತರಿಸುತ್ತಿದ್ದಳು. ಅವನು ಸರಿ ಎಂದು ಇಳಿದುಹೋಗುತ್ತಿದ್ದ.

ದ್ರಾಕ್ಷಿ ಬರುವ ಕಾಲಕ್ಕೆ ಅವನು ನೆಲಮಾಳಿಗೆಯಲ್ಲಿ, ವರ್ಷವೂ ಮನೆಯಲ್ಲೇ ಮಾಡುವ ವೈನಿಗೆ ಪೀಪಾಯಿ ತೊಳೆಯಲು ನಿಂತ. ಹುಳಿವಾಸನೆ ಮೇಲಿನ ಮಹಡಿಗೆ ಬಂತು. ಹೀಗೆ ತೊಳೆದರೆ ವರ್ಷದ ವೈನು ಕೆಡುತ್ತದೆ ಎಂದು ಗೊಣಗುತ್ತ ದಿಯೊಲಿಂದಾ ಏಪ್ರನ್ ಕಟ್ಟಿಕೊಂಡು ಇಳಿದುಹೋದಳು. ಆ ದಿನ ಸಂಜೆಯವರೆಗೆ ಇಬ್ಬರೂ ಪೀಪಾಯಿ ಉಜ್ಜಿದರು. ರಾತ್ರಿ ಅವಳು ಮತ್ತೆ ಮೇಲೆ ಬಂದು ಮಲಗಿದಳು. ಆದರೆ ಏಪ್ರನ್ ಜೇಬಿನಲ್ಲಿದ್ದ ಜಪಮಾಲೆಯನ್ನು ಕೆಳಮನೆಯಲ್ಲೇ, ತನ್ನ ಹಳೆಯ ಹಾಸಿಗೆಯ ಮೇಲೆ, ಬಿಟ್ಟುಬಂದಿದ್ದಳು.